ಕೋಟೆಯ ಕನ್ನಡಿಗರ ಮುಪ್ಪು: ಒಂದು ಚಾರಿತ್ರಿಕ ನೋಟ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ನಾವು ಕದಂಬರನ್ನೂ ಚಾಲುಕ್ಯರನ್ನೂ ವಿಜಯನಗರದ ಅರಸರನ್ನೂ ನೆನೆಯುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಮುಂಬಯಿಯ ಕನ್ನಡಿಗನಿಗೆ ತನ್ನದೇ ಆದ ಇನ್ನೊಂದು ಚರಿತ್ರೆಯುಂಟು. ಅದನ್ನು ಯಾವ ಶಿಲಾಶಾಸನವೂ ಹೇಳುವುದಿಲ್ಲ. ಅದು ನಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದುಕೊಂಡು ಬಂದಿದೆ. ಆ ನೆನಪೇ ಅಳಿಯತೊಡಗಿದಾಗ ಮನೆಯವರು ಏನು ಮಾಡಬೇಕು? ಹಿಂದಿನವರು ಏನು ಮಾಡಿದರು? ನಾವು ಏನು ಮಾಡದೆ ಬಿಟ್ಟಿದ್ದೇವೆ? ಈ ಮೂರು ಪ್ರಶ್ನೆಗಳನ್ನು ನಮ್ಮ ಫೋರ್ಟ್ ವಿಭಾಗದ ಚರಿತ್ರೆಯ ಬೆಳಕಿನಲ್ಲಿ ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಎತ್ತಿಕೊಳ್ಳಲು ನನ್ನ ಮನೆಯ ಅನುಭವವೇ ಕಾರಣ. ನಾವು ತುಳುವಿನಲ್ಲಿ ತಮ್ಮಲೆ ಎಂದು ಕರೆಯುತ್ತಿದ್ದ ನನ್ನ ಸೋದರಮಾವನವರು 1951ರಲ್ಲಿ, 13ರ ಪ್ರಾಯದಲ್ಲಿ, ಉಡುಪಿಯ ಸಮೀಪದ ಹಳ್ಳಿಯೊಂದರಿಂದ ಫೋರ್ಟಿಗೆ ಬಂದರು. ಹಗಲು ಕ್ಯಾಂಟೀನಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ 1996ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ತಂಗಿಯ ಮಕ್ಕಳಾದ ನಮ್ಮನ್ನು ಓದಿಸಿ ದಡ ಸೇರಿಸಿದವರು ಅವರೇ. 2013ರ ಒಂದು ಸಂಜೆ ಡೊಂಬಿವಲಿಯ ನಮ್ಮ ಮನೆಯಿಂದ ಹೊರಟವರು ರಾತ್ರಿಯಾದರೂ ಮರಳಲಿಲ್ಲ. ಮರುದಿನ ಬೆಳಗ್ಗೆ ವಿ.ಟಿ. ನಿಲ್ದಾಣದ ಹೊರಗೆ ಸಿಕ್ಕಿದರು. ವಿಳಾಸ ಕೇಳಿದ ಪೊಲೀಸನಿಗೆ ಅವರು ಹೇಳಿದ್ದು ಬೋರಾ ಬಜಾರಿನ ಒಂದು ಕೋಣೆಯ ವಿಳಾಸ. ಆ ಕೋಣೆಯನ್ನು ಬಿಟ್ಟು ಅವರಿಗೆ ನಲವತ್ತು ವರ್ಷಗಳು ಸಂದಿದ್ದುವು. ನನ್ನನ್ನು ಕಂಡವರೇ, “ಟ್ರಾಮು ಇನ್ನೂ ಬರಲಿಲ್ಲವಲ್ಲ ಮಾರಾಯ!” ಎಂದರು. ಮುಂಬಯಿಯಲ್ಲಿ ಟ್ರಾಮು ಕೊನೆಯ ಬಾರಿ ಓಡಿದ್ದು 1964ರ ಮಾರ್ಚ್ 31ರಂದು.

ಅದಕ್ಕೆ ಎರಡು ವರ್ಷ ಮೊದಲೇ ಅವರು ಕೇಳಿದ್ದನ್ನೇ ಕೇಳುತ್ತಿದ್ದರು. ಎಣಿಸಿದ ಹಣವನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ನಾವು ಅರುವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಹೇಳಿ ನಕ್ಕು ಸುಮ್ಮನಾದೆವು. ನೆರೆಮನೆಯ ಮರಾಠಿಯವರೂ “ಸಾಠೀ ಬುದ್ಧಿ ನಾಠೀ” ಎಂದು ಸಮಾಧಾನ ಹೇಳಿದರು. ಆ ನಗೆಯಲ್ಲಿ ಕಳೆದ ಎರಡು ವರ್ಷಗಳ ಬೆಲೆಯೇನೆಂಬುದು ನಮಗೆ ತಿಳಿದದ್ದು ತಡವಾಗಿ.

ಕೋಟೆಗೆ ಬಂದ ಹುಡುಗರು

ಫೋರ್ಟ್ ಎಂಬ ಹೆಸರು ಉಳಿದಿದೆಯೇ ಹೊರತು ಕೋಟೆ ಉಳಿದಿಲ್ಲ. ಗವರ್ನರ್ ಬಾರ್ಟಲ್ ಫ್ರಿಯರನ ಕಾಲದಲ್ಲಿ, 1860ರ ದಶಕದಲ್ಲಿ, ಅಪೋಲೋ ಗೇಟು, ಚರ್ಚ್ ಗೇಟು, ಬಜಾರ್ ಗೇಟುಗಳೊಡನೆ ಅದರ ಗೋಡೆಗಳನ್ನು ಕೆಡವಲಾಯಿತು. ಅದೇ ದಶಕದ ಆದಿಯಲ್ಲಿ, 1862ರಲ್ಲಿ, ನಮಗೆ ಸಂಬಂಧಪಟ್ಟ ಎರಡು ಸಂಗತಿಗಳು ನಡೆದುವು. ಮುಂಬಯಿಯ ಹೈಕೋರ್ಟು ಸ್ಥಾಪನೆಯಾಯಿತು. ಮತ್ತು ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರಿಗೆ ಈ ಕೋಟೆಯೇ ರಾಜಧಾನಿ. ಸೆಕ್ರೆಟೇರಿಯೆಟ್ಟಿನ ಗುಮಾಸ್ತಿಕೆಗೂ ಹೈಕೋರ್ಟಿನ ಅಪೀಲಿಗೂ ಅವರು ಇಲ್ಲಿಗೇ ಬರಬೇಕಾಗಿದ್ದಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡುವವರೆಗೂ ಇದೇ ಸ್ಥಿತಿ.

ದಕ್ಷಿಣ ಕನ್ನಡದವರ ಕಥೆ ಬೇರೆ. ಅವರ ಜಿಲ್ಲೆ 1956ರವರೆಗೂ ಮದರಾಸಿಗೆ ಸೇರಿದ್ದಿತು. ಸರಕಾರಿ ಕೆಲಸಕ್ಕಾಗಿ ಅವರು ಇಲ್ಲಿಗೆ ಬರಲಿಲ್ಲ, ಹೊಟ್ಟೆಪಾಡಿಗಾಗಿ ಬಂದರು. ಆಗಬೋಟು ಹಿಡಿದೋ, ಘಟ್ಟ ಹತ್ತಿ ರೈಲು ಹಿಡಿದೋ ಬಂದರು. ಕೊಂಕಣ ರೈಲು ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಮೊದಲು ಊರಿಗೆ ಹೋಗಿ ಬರುವುದೆಂದರೆ ಅದೇ ಒಂದು ಸಾಹಸ. ಹೀಗೆ ಬಂದ ಹುಡುಗರು ಫೋರ್ಟಿನ ಹೋಟೆಲು ಕ್ಯಾಂಟೀನುಗಳಲ್ಲಿ ಸೇರಿದರು. ರಾತ್ರಿ ಅಲ್ಲಿಯೇ ಮೇಜುಗಳ ಮೇಲೆ ಮಲಗಿದರು. ಇವರನ್ನು ಅನಾಥರಾಗಿ ಬಿಡದೆ ಕೈಹಿಡಿದದ್ದು ನಮ್ಮ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿ 1908ರಲ್ಲಿ ರಾತ್ರಿಶಾಲೆಯನ್ನು ತೆರೆಯಿತು. 1927ರಲ್ಲಿ ಬಂಟರ ಸಂಘವೂ 1932ರಲ್ಲಿ ಬಿಲ್ಲವರ ಅಸೋಸಿಯೇಶನ್ನೂ ಸ್ಥಾಪನೆಯಾದುವು. ಮೈಸೂರು ಅಸೋಸಿಯೇಶನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಆರಂಭವಾದುವು. ಬಾಲಕನಿಗೆ ಅಕ್ಷರ, ತರುಣನಿಗೆ ಉದ್ಯೋಗ ಎಂಬೆರಡನ್ನು ನಮ್ಮ ಹಿರಿಯರು ಸಂಘಗಳ ಮೂಲಕ ಸಾಧಿಸಿಕೊಟ್ಟರು. ಮುದುಕನ ಯೋಚನೆ ಆಗ ಯಾರಿಗೂ ಬರಲಿಲ್ಲ. ಬಾರದಿರಲು ಕಾರಣವೂ ಇದ್ದಿತು.

ಮುಪ್ಪು ಊರಿನಲ್ಲಿದ್ದಿತು

ಆ ಕಾಲದ ಕನ್ನಡಿಗನ ದುಡಿಮೆ ಮುಂಬಯಿಯಲ್ಲಿ, ಮುಪ್ಪು ಊರಿನಲ್ಲಿ. ಮೈಯಲ್ಲಿ ಶಕ್ತಿಯಿರುವವರೆಗೆ ಇಲ್ಲಿ ದುಡಿದು, ಜಿ.ಪಿ.ಓ.ದಿಂದ ಮನಿಯಾರ್ಡರು ಕಳುಹಿಸಿ, ಕಣ್ಣು ಮಂಜಾದಾಗ ಟ್ರಂಕು ಕಟ್ಟಿಕೊಂಡು ಊರು ಸೇರುವುದು ಪದ್ಧತಿ. ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನದ ಕಟ್ಟು ಪ್ರಬಲವಾಗಿದ್ದಿತು. ಭೂತಾಳ ಪಾಂಡ್ಯನ ಹೆಸರಿನಲ್ಲಿ ಐತಿಹ್ಯವಾಗಿ ಬಂದ ಈ ಕಟ್ಟಿನಂತೆ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವುದು. ಗಂಡಸಿನ ಮುಪ್ಪಿನ ಆಸರೆ ಅವನ ಹೆಂಡತಿಯ ಮನೆಯಲ್ಲ, ಅಕ್ಕತಂಗಿಯರ ಮನೆ. ಕುಟುಂಬದ ಆಸ್ತಿಯನ್ನು ಒಬ್ಬನು ತನ್ನಿಚ್ಛೆಯಂತೆ ಪಾಲು ಕೇಳುವ ಹಾಗಿರಲಿಲ್ಲ. ಆದುದರಿಂದ ಮರೆವು ಬಂದ ಮುದುಕನಿಗೂ ತರವಾಡಿನ ಚಾವಡಿಯಲ್ಲಿ ಒಂದು ಮೂಲೆ, ಎರಡು ಹೊತ್ತಿನ ಗಂಜಿ ತಪ್ಪುತ್ತಿರಲಿಲ್ಲ. ಅವನು ದಾರಿ ತಪ್ಪಿದರೆ ಗದ್ದೆಯ ಬದುವಿನಲ್ಲಿದ್ದ ಯಾರಾದರೂ ಕೈಹಿಡಿದು ಮನೆಗೆ ತರುತ್ತಿದ್ದರು.

ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. ಯಜಮಾನನ ದಬ್ಬಾಳಿಕೆಯೂ ಇದ್ದಿತು. ಆರೈಕೆಯ ಭಾರವೆಲ್ಲ ಮನೆಯ ಹೆಂಗಸರ ಮೇಲೆ ಬೀಳುತ್ತಿದ್ದಿತು. ಅದೇನೇ ಇರಲಿ, ಆಸರೆಯೊಂದು ಕಾಯಂ ಆಗಿ ಇದ್ದಿತೆಂಬುದು ನಿಜ. 1949ರ ಮದರಾಸು ಅಳಿಯಸಂತಾನ ಕಾಯದೆ ಕವರುಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ತರುವಾಯ ಗಂಡಸಿನ ಹೆಂಡತಿ, ಮಕ್ಕಳು, ತಾಯಿ ಮೊದಲ ಹಕ್ಕುದಾರರಾದರು. ನ್ಯಾಯದೃಷ್ಟಿಯಿಂದ ಇದು ಸರಿಯಾದ ಮಾರ್ಪಾಡು. ಆದರೆ ಪಾಲಾದ ತರವಾಡಿಗೆ ಮುಂಬಯಿಯಿಂದ ಮರಳಿದ ಮುದುಕನನ್ನು ಸಾಕುವ ಹೊಣೆ ಯಾರದು ಎಂಬ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ.

ಅಷ್ಟರಲ್ಲಿ ಕುಟುಂಬಗಳೇ ಮುಂಬಯಿಗೆ ಬಂದುವು. ಇದಕ್ಕೆ ಹಾದಿ ತೋರಿದವರು ಉತ್ತರ ಕನ್ನಡದ ಮೂಲದ ಸಾರಸ್ವತರು. ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ತಲೆಯೆತ್ತಿತು. ಬಾಡಿಗೆಯ ಕೋಣೆಯಲ್ಲಿ ಮುದುಕರಾಗುವುದು ಅಸಾಧ್ಯ. ಸ್ವಂತದ ನೆಲೆ ಬೇಕು, ಅದೇ ಮೆಟ್ಟಿಲಲ್ಲಿ ನೆಂಟರೂ ಬೇಕು ಎಂಬ ದೂರದೃಷ್ಟಿ ಅದರಲ್ಲಿದ್ದಿತು. 1906ರಲ್ಲಿಯೇ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬುನಾದಿ ಹಾಕಿದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟು ಕೂಲಿಯವನೂ ಮುಪ್ಪಿಗೆ ನಾಲ್ಕು ಕಾಸು ಕೂಡಿಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. 1952ರಲ್ಲಿ ಪ್ರಾವಿಡೆಂಟ್ ಫಂಡಿನ ಕಾಯದೆ ಬಂದಿತು. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಸ್ಥಾಪನೆಯಾಯಿತು. ಹೀಗೆ ಮುಪ್ಪಿನ ಹಣಕ್ಕೆ ದಾರಿಗಳು ಒಂದೊಂದಾಗಿ ತೆರೆದುವು. ಮುಪ್ಪಿನ ಮರೆವಿಗೆ ಮಾತ್ರ ಯಾವ ಯೋಜನೆಯೂ ಆಗಲಿಲ್ಲ.

ಮರೆವಿನ ಶಾಸ್ತ್ರ

ಇದೇ 1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯನು ವೈದ್ಯರ ಸಭೆಯೊಂದರಲ್ಲಿ ಒಬ್ಬ ಹೆಂಗಸಿನ ಕಥೆಯನ್ನು ಹೇಳಿದನು. 51ರ ವಯಸ್ಸಿನಲ್ಲಿ ಆಸ್ಪತ್ರೆಗೆ ಬಂದ ಆಕೆಗೆ ತನ್ನ ಹೆಸರನ್ನು ಬರೆಯಲೂ ಆಗುತ್ತಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಚಿತ್ರವಾದ ಗಂಟುಗಳೂ ಜಿಡ್ಡುಗಳೂ ಕಂಡುವು. 1910ರಲ್ಲಿ ಕ್ರೆಪೆಲಿನ್ ಎಂಬ ಪ್ರಸಿದ್ಧ ಪಂಡಿತನು ತನ್ನ ಗ್ರಂಥದಲ್ಲಿ ಈ ಬೇನೆಗೆ ಆಲ್ಝೈಮರನ ಹೆಸರನ್ನೇ ಇಟ್ಟನು. ಮುದುಕರ ಮರೆವು ಕರ್ಮಫಲವಲ್ಲ, ಹಟವಲ್ಲ, ಮಿದುಳಿನ ರೋಗವೆಂಬುದು ಅಂದಿನಿಂದ ಶಾಸ್ತ್ರಕ್ಕೆ ತಿಳಿಯಿತು. ನಮ್ಮ ಮನೆಗಳಿಗೆ ಅದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು.

ನಮ್ಮಲ್ಲಿ ‘ಅರಳುಮರಳು’ ಎಂಬುದು ಎಷ್ಟು ಪಳಗಿದ ಮಾತೆಂದರೆ, ಬೇಂದ್ರೆಯವರು ತಮ್ಮ ಕವನಸಂಗ್ರಹವೊಂದಕ್ಕೆ ಅದೇ ಹೆಸರನ್ನಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕವಿಯ ಅರಳುಮರಳು ನಾಡಿಗೆ ಸೊಗಸು. ಮನೆಯ ಹಿರಿಯರ ಅರಳುಮರಳನ್ನು ಮಾತ್ರ ಹಾಗೆಯೇ ಬಿಡಲಾಗದು. ಡಿಮೆನ್ಷಿಯಾ ಎಂಬುದು ಒಂದೇ ರೋಗವಲ್ಲ. ಆಲ್ಝೈಮರನ ರೋಗವು ಅದರಲ್ಲಿ ಹೆಚ್ಚಾಗಿ ಕಾಣುವ ಬಗೆ. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ಇವುಗಳಿಗೆ ಪೂರ್ಣವಾದ ಗುಣವಿಲ್ಲ. ಆದರೆ ಥೈರಾಯ್ಡಿನ ದೋಷ, ಬಿ-12 ಜೀವಸತ್ತ್ವದ ಕೊರತೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಮುಂತಾದುವುಗಳಿಂದಲೂ ಮರೆವು ಬರಬಹುದು. ಅವಕ್ಕೆ ಚಿಕಿತ್ಸೆಯುಂಟು. ಆದುದರಿಂದ ಮೊದಲ ಲಕ್ಷಣ ಕಂಡಾಗಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ನೂರು ಮಂದಿ ಹಿರಿಯರು ಸೇರಿದ ನಮ್ಮ ಸಭೆಯಲ್ಲಿ ಏಳೆಂಟು ಮಂದಿ ಎಂದು ಲೆಕ್ಕ ಹಾಕಿದರೆ ಸಾಕು, ಇದು ಪರರ ಮನೆಯ ಮಾತಲ್ಲವೆಂಬುದು ಮನದಟ್ಟಾಗುತ್ತದೆ.

ನಮ್ಮ ಮಾವನವರು ಟ್ರಾಮನ್ನು ಕೇಳಿದ್ದೇಕೆ? 1881ರಲ್ಲಿಯೇ ಫ್ರಾನ್ಸಿನ ರಿಬೋ ಎಂಬ ವಿದ್ವಾಂಸನು ಇದನ್ನು ವಿವರಿಸಿದ್ದಾನೆ. ಮರೆವು ಹೊಸದನ್ನು ಮೊದಲು ಅಳಿಸುತ್ತದೆ, ಹಳೆಯದನ್ನು ಕೊನೆಗೆ. ಡೊಂಬಿವಲಿ ಅಳಿಯಿತು, ಬೋರಾ ಬಜಾರು ಉಳಿಯಿತು. ಭಾಷೆಯ ಗತಿಯೂ ಹಾಗೆಯೇ. ಮುಂಬಯಿಯ ಕನ್ನಡಿಗನೆಂದರೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವವನು. ಬಹುಭಾಷೆಯ ಈ ರೂಢಿ ನಮಗೊಂದು ವರವೂ ಆಗಿರಬಹುದು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಈ ಬೇನೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದಿತು. ಆದರೆ ಬೇನೆ ಬಂದ ಮೇಲೆ ಕೊನೆಗೆ ಕಲಿತ ಭಾಷೆಗಳು ಮೊದಲು ಜಾರುವುದನ್ನು ಎಷ್ಟೋ ಮನೆಯವರು ಕಂಡಿದ್ದಾರೆ. ನಮ್ಮ ಮಾವನವರು ಇಂಗ್ಲಿಷನ್ನು ಬಿಟ್ಟರು, ಹಿಂದಿಯನ್ನು ಬಿಟ್ಟರು, ಕಡೆಗೆ ತುಳುವಿಗೆ ಬಂದು ನಿಂತರು. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಮಕ್ಕಳಿಗೆ ಅಜ್ಜನ ಮಾತು ತಿಳಿಯುತ್ತಿರಲಿಲ್ಲ. ಅಜ್ಜನಿಗೆ ಅವರ ಮಾತು ತಿಳಿಯುತ್ತಿರಲಿಲ್ಲ. ಒಂದೇ ಮನೆಯಲ್ಲಿ ಮನುಷ್ಯನು ಹೀಗೆ ಪರದೇಶಿಯಾಗುವುದನ್ನು ನಾನು ಕಣ್ಣಾರೆ ಕಂಡೆನು. ಊರಿನ ಯಕ್ಷಗಾನದ ಧ್ವನಿಮುದ್ರಿಕೆ ಹಾಕಿದಾಗ ಮಾತ್ರ ಅವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿದ್ದಿತು. ಮಕ್ಕಳಿಗೆ ಮನೆಮಾತನ್ನು ಕಲಿಸಿರೆಂದು ಸಂಘದ ವೇದಿಕೆಯಿಂದ ನಾವು ಹೇಳುವುದುಂಟು. ಅದು ಅಭಿಮಾನದ ಮಾತು ಮಾತ್ರವಲ್ಲ. ನಮ್ಮ ಕೊನೆಯ ದಿನಗಳಲ್ಲಿ ನಮ್ಮೊಡನೆ ಮಾತನಾಡುವವರು ಇರಬೇಕಾದರೆ ಅದೊಂದೇ ದಾರಿ.

ಹೊತ್ತು ಮೀರಿದ ಕಾಗದಗಳು

ಮರೆವಿನ ಜೊತೆಯಲ್ಲಿಯೇ ಬರುವ ಇನ್ನೊಂದು ಕಷ್ಟವೆಂದರೆ ಕಾಗದಪತ್ರಗಳದು. ರೋಗ ನಿಶ್ಚಯವಾದ ಮೇಲೆ ನಾವು ಮಾವನವರ ಚಿಕಿತ್ಸೆಗಾಗಿ ಅವರ ಠೇವಣಿಯನ್ನು ಬಿಡಿಸಹೋದೆವು. ಅವರ ಸಹಿ ಹೊಂದಲಿಲ್ಲ. ಖಾತೆ ಅವರೊಬ್ಬರ ಹೆಸರಿನಲ್ಲಿದ್ದಿತು. ನಾಮಿನಿಯಾಗಿದ್ದ ನನ್ನ ತಾಯಿ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಬ್ಯಾಂಕಿನ ಅಧಿಕಾರಿ ಸಜ್ಜನರು. ಕಾಯದೆಯಂತೆ ತಮ್ಮ ಕೈ ಕಟ್ಟಿದೆಯೆಂದರು. ಮುಖತ್ಯಾರಪತ್ರ ಮಾಡಿಸೋಣವೆಂದು ಫೋರ್ಟಿನ ವಕೀಲರೊಬ್ಬರಲ್ಲಿಗೆ ಹೋದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದೇನೆಂಬುದು ಅವರಿಗೆ ತಿಳಿಯುತ್ತದೆಯೇ?” ನಾವು ತಲೆ ತಗ್ಗಿಸಿದೆವು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. 1872ರ ಕರಾರು ಕಾಯದೆಯ 201ನೆಯ ಕಲಮಿನಂತೆ, ಮುಖತ್ಯಾರಪತ್ರ ಕೊಟ್ಟವನ ಬುದ್ಧಿ ಸ್ಥಿಮಿತದಲ್ಲಿ ಇಲ್ಲವಾದರೆ ಮುಖತ್ಯಾರನ ಅಧಿಕಾರವೂ ಕೊನೆಗೊಳ್ಳುತ್ತದೆ. ಅಂದರೆ ಮೊದಲೇ ಮಾಡಿಸಿದ್ದರೂ ಅದು ಬೇಕಾದ ಹೊತ್ತಿಗೆ ಕೈಕೊಡುತ್ತದೆ. 1987ರ ಮಾನಸಿಕ ಆರೋಗ್ಯ ಕಾಯದೆಯಲ್ಲಿ ಇಂಥವರ ಆಸ್ತಿಗೆ ಜಿಲ್ಲಾ ನ್ಯಾಯಾಲಯದ ಮೂಲಕ ಮೇಲ್ವಿಚಾರಕನನ್ನು ನೇಮಿಸುವ ಏರ್ಪಾಡಿದ್ದಿತು. ಅದರ ಸ್ಥಾನದಲ್ಲಿ ಬಂದ 2017ರ ಕಾಯದೆಯಲ್ಲಿ ಆ ಏರ್ಪಾಡಿಲ್ಲ. ಆದುದರಿಂದ ಮನೆಯವರು ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಿ ಪಾಲಕತ್ವವನ್ನು ಬೇಡಬೇಕಾಗಿದೆ. ಬುದ್ಧಿ ಸ್ಥಿಮಿತವಿಲ್ಲದವರ ರಕ್ಷಣೆಯ ಅಧಿಕಾರವನ್ನು ಮುಂಬಯಿ ಹೈಕೋರ್ಟಿಗೆ ಕೊಟ್ಟದ್ದು ಬ್ರಿಟಿಷರ ಕಾಲದ ಸನದಿನ 17ನೆಯ ಕಲಮು. ನಾವೂ ಆ ಮೆಟ್ಟಿಲನ್ನು ಹತ್ತಿದೆವು. ಕೆಲಸವಾಯಿತು, ಆದರೆ ತಿಂಗಳುಗಳು ಕಳೆದುವು, ಸಾಲವಾಯಿತು. ಐದು ವರ್ಷ ಮೊದಲು ಮಾವನವರ ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಜಂಟಿ ಖಾತೆಯಾಗಿ ಮಾಡಿದ್ದರೆ ಇಷ್ಟು ಕಷ್ಟ ಬರುತ್ತಿರಲಿಲ್ಲ. ತಪ್ಪು ನಮ್ಮದೇ.

ವಿಲ್ಲಿನ ವಿಷಯದಲ್ಲಿಯೂ ನಮ್ಮವರಲ್ಲಿ ಅನೇಕ ತಪ್ಪು ತಿಳಿವಳಿಕೆಗಳಿವೆ. ವಿಲ್ಲು ಬರೆದರೆ ಸಾವು ಹತ್ತಿರ ಬರುವುದೆಂಬ ಅಂಜಿಕೆ ಒಂದು. ಅದಕ್ಕೆ ಸ್ಟಾಂಪು ಕಾಗದ ಬೇಕೆಂಬುದು ಇನ್ನೊಂದು. ಸ್ಟಾಂಪು ಕಾಗದ ಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 1925ರ ಭಾರತೀಯ ಉತ್ತರಾಧಿಕಾರ ಕಾಯದೆಯಂತೆ ಬರೆದವನ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬರೆಯುವಾಗ ಬುದ್ಧಿ ಸ್ವಸ್ಥವಾಗಿರಬೇಕು. ಮರೆವು ಆರಂಭವಾದವರೂ ತಿಳಿವಳಿಕೆ ನಿಚ್ಚಳವಾಗಿರುವ ಹೊತ್ತಿನಲ್ಲಿ ವಿಲ್ಲು ಬರೆಯಬಹುದು. ಆದರೆ ಅದೇ ದಿನ ವೈದ್ಯರ ಪ್ರಮಾಣಪತ್ರ ಪಡೆದಿರುವುದು ಕ್ಷೇಮ. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು. ಮುಂಬಯಿ ನಗರದ ಹಿಂದೂಗಳ ವಿಲ್ಲಿಗೆ ಹೈಕೋರ್ಟಿನ ಪ್ರೊಬೇಟು ಬೇಕೆಂಬ ಕಟ್ಟಳೆ 1870ರ ಹಿಂದೂ ವಿಲ್ಲುಗಳ ಕಾಯದೆಯಿಂದ ಬಂದದ್ದು. ಒಂದೂವರೆ ಶತಮಾನದ ಬಳಿಕ, 2025ರ ಡಿಸೆಂಬರಿನಲ್ಲಿ, ಸಂಸತ್ತು ಆ ಕಡ್ಡಾಯವನ್ನು ತೆಗೆದುಹಾಕಿತು. ನಾಮಿನಿಯೇ ಮಾಲಿಕನೆಂಬುದು ಮೂರನೆಯ ಭ್ರಮೆ. ಸಾಮಾನ್ಯವಾಗಿ ನಾಮಿನಿ ಹಣವನ್ನು ಪಡೆದುಕೊಳ್ಳುವವನು ಮಾತ್ರ, ಹಕ್ಕು ವಾರಸುದಾರರದು. 1984ರಲ್ಲಿ ವಿಮೆಯ ವಿಷಯದಲ್ಲಿಯೂ 2023ರಲ್ಲಿ ಶೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿರುವ ಪಾಸ್‌ಪುಸ್ತಕಗಳನ್ನು ಒಮ್ಮೆ ತೆಗೆದು ನೋಡಿರಿ. ಅವುಗಳ ಮೇಲಿರುವ ಹೆಸರಿನ ಬ್ಯಾಂಕುಗಳೇ ಇಂದು ಇಲ್ಲ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದುವು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದು ಮುಳುಗಿ ಹೋಯಿತೆಂದಲ್ಲ. ವಾರಸುದಾರರು ಕೇಳಿ ಪಡೆಯಬಹುದು. ಹುಡುಕುವುದಕ್ಕಾಗಿ ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ತೆರೆದಿದೆ. ಫೋರ್ಟಿನ ಮೇಜುಗಳ ಮೇಲೆ ಮಲಗಿ ಕೂಡಿಟ್ಟ ಹಣ ಫೋರ್ಟಿನಲ್ಲಿಯೇ ಇರುವ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ವಾರಸುದಾರರಿಲ್ಲದೆ ಬಿದ್ದಿರಬಾರದು.

ಸಾಕದೆ ಕೈಬಿಡುವವರೂ ಇದ್ದಾರೆಂಬುದನ್ನು ಮುಚ್ಚಿಡಲಾಗದು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯದೆಯಂತೆ ಹಿರಿಯರು ನ್ಯಾಯಮಂಡಳಿಗೆ ಹೋಗಿ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರ ಆಸ್ತಿಯನ್ನು ಅನುಭವಿಸುವ, ಇಲ್ಲವೆ ಮುಂದೆ ಪಡೆಯಲಿರುವ ವಾರಸುದಾರನ ಮೇಲೆಯೂ ಈ ಹೊಣೆಯುಂಟು. ಅಳಿಯಸಂತಾನದ ಚಾವಡಿ ಕಟ್ಟುಪಾಡಿನಿಂದ ಮಾಡಿಸುತ್ತಿದ್ದುದನ್ನು ಈಗ ಕಾಯದೆ ಮಾಡಿಸುತ್ತಿದೆ. ಇದೇ ಕಾಯದೆಯ 23ನೆಯ ಕಲಮಿನಂತೆ, ಸಾಕುವ ಷರತ್ತಿನ ಮೇಲೆ ದಾನವಾಗಿ ಕೊಟ್ಟ ಮನೆಯನ್ನು, ಸಾಕದಿದ್ದರೆ ರದ್ದುಮಾಡಿಸಬಹುದು. ಆದುದರಿಂದ ದಾನಪತ್ರ ಬರೆಯುವವರು ಆ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸಬೇಕು.

ಹಳದಿಪುರದ ಮಗಳು

ಕೊನೆಯ ದಿನಗಳ ಮಾತು ಬಂದಾಗ ಹೊನ್ನಾವರದ ಬಳಿಯ ಹಳದಿಪುರದಿಂದ ಮುಂಬಯಿಗೆ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರನ್ನು ನೆನೆಯದಿರಲಾಗದು. 1973ರ ನವೆಂಬರ್ 27ರಂದು ನಡೆದ ಭೀಕರ ಹಲ್ಲೆಯಿಂದ ಅವರ ಮಿದುಳಿಗೆ ತೀವ್ರವಾದ ಹಾನಿಯಾಯಿತು. ಅಂದಿನಿಂದ 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ ಅದೇ ಆಸ್ಪತ್ರೆಯ ದಾದಿಯರು, ತಲೆಮಾರಿನ ಮೇಲೆ ತಲೆಮಾರು, ಅವರನ್ನು ಮಗುವಿನಂತೆ ಸಾಕಿದರು. ಸುಮಾರು 42 ವರ್ಷ! ಆರೈಕೆಯೆಂದರೇನೆಂಬುದನ್ನು ಈ ನಗರ ಅಲ್ಲಿ ಕಂಡಿತು. ಅವರ ಪರವಾಗಿ ಬಂದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಅವರ ವಿಷಯದಲ್ಲಿ ಬೇಡಿಕೆಯನ್ನು ಒಪ್ಪದಿದ್ದರೂ, 2011ರ ಮಾರ್ಚ್ 7ರಂದು, ಗುಣವಾಗುವ ಆಸೆಯೇ ಇಲ್ಲದವರಿಗೆ ಕೃತಕ ಉಪಕರಣಗಳನ್ನು ಹಿಂತೆಗೆಯುವ ಮಾರ್ಗವನ್ನು ಮೊದಲ ಬಾರಿ ತೆರೆಯಿತು. 2018ರ ಮಾರ್ಚ್ 9ರ ತೀರ್ಪು, ತನಗೆ ಮಾತು ಹೊರಡದ ಕಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಮನುಷ್ಯನು ಮೊದಲೇ ಬರೆದಿಡಬಹುದೆಂದು ಸಾರಿತು. 2023ರ ಜನವರಿಯಲ್ಲಿ ಅದರ ಕ್ರಮ ಸುಲಭವಾಯಿತು. ಇಬ್ಬರು ಸಾಕ್ಷಿಗಳೂ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ಇದ್ದರೆ ಸಾಕು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆಜ್ಞೆಯನ್ನು ಹೊರಡಿಸಿತು. ಈ ಬರಹವನ್ನು ಬರೆಯುವುದೂ ಬಿಡುವುದೂ ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಹಿರಿಯರು ಉತ್ತರ ಕೊಡಬಲ್ಲ ದಿನಗಳಲ್ಲಿಯೇ ಕೇಳಬೇಕು. ನಾವು ಕೇಳಲಿಲ್ಲ. ಮಾವನವರ ಕೊನೆಯ ವಾರದಲ್ಲಿ ವೈದ್ಯರು ಕೊಳವೆ ಹಾಕಲೇ ಬೇಡವೇ ಎಂದಾಗ, ಅವರ ಇಚ್ಛೆಯೇನೆಂದು ತಿಳಿಯದೆ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ನಾವು ಮಾಡಬೇಕಾದುದು

ಮನೆಯಲ್ಲಿ ಮಾಡಬೇಕಾದುದು ಬಹಳವಿಲ್ಲ, ಬಿಡದೆ ಮಾಡಬೇಕು ಅಷ್ಟೆ. ಹಿರಿಯರ ಅಂಗಿಯ ಜೇಬಿನಲ್ಲಿ ಹೆಸರು, ಮನೆಯವರ ಫೋನ್ ನಂಬರು ಬರೆದ ಚೀಟಿಯಿರಲಿ. ನಮ್ಮ ಲೋಕಲ್ ಗಾಡಿಗಳ ಜನಸಂದಣಿಯಲ್ಲಿ ಅದೇ ಜೀವರಕ್ಷಕ. ಸ್ನಾನ, ಊಟ, ತಿರುಗಾಟಗಳ ಹೊತ್ತು ಬದಲಾಗದಿರಲಿ. ಅವರು ತಪ್ಪು ಹೇಳಿದರೆ ವಾದಿಸಬೇಡಿರಿ. “ಟ್ರಾಮು ನಿಂತು ಐವತ್ತು ವರ್ಷವಾಯಿತು” ಎಂದು ನಾನು ಹೇಳಿದಾಗಲೆಲ್ಲ ಮಾವನವರು ಸಿಟ್ಟಾಗುತ್ತಿದ್ದರು. “ಟ್ರಾಮು ಬರಲಿ, ಅಷ್ಟರಲ್ಲಿ ಚಾ ಕುಡಿಯುವ” ಎಂದು ನನ್ನ ಹೆಂಡತಿ ತುಳುವಿನಲ್ಲಿ ಹೇಳಿದರೆ ಶಾಂತರಾಗಿ ಕುಳಿತುಕೊಳ್ಳುತ್ತಿದ್ದರು. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಕೊಡಿಸಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಿರಿ. ಇಂಥ 14 ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಲು ಇಲ್ಲವೆ ಮುಂದೂಡಲು ಸಾಧ್ಯವೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ ಹೇಳಿದೆ. ಮತ್ತು ಆರೈಕೆಯ ಭಾರವನ್ನು ಮನೆಯ ಸೊಸೆಯೊಬ್ಬಳ ಹೆಗಲಿಗೇ ಹಾಕಬೇಡಿರಿ. ವಾರಕ್ಕೊಂದು ದಿನವಾದರೂ ಗಂಡುಮಕ್ಕಳು ಅದನ್ನು ಹೊರಲಿ.

ಸಹಾಯಕ್ಕೆ ಸಂಸ್ಥೆಗಳೂ ಇವೆ. ಆಲ್ಝೈಮರ್ ರೋಗದ ಅಖಿಲ ಭಾರತ ಸಂಸ್ಥೆ 1992ರಲ್ಲಿ ಕೇರಳದಲ್ಲಿ ಹುಟ್ಟಿತು. ಮುಂಬಯಿಯಲ್ಲಿ ಡಿಗ್ನಿಟಿ ಫೌಂಡೇಶನ್ 1995ರಿಂದ ಹಿರಿಯರಿಗಾಗಿ ದುಡಿಯುತ್ತಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಟ್ರಸ್ಟಿದೆ. ಹಿರಿಯರಿಗಾಗಿ 14567, ಮನಸ್ಸಿನ ತೊಂದರೆಗಳಿಗಾಗಿ 14416 ಎಂಬ ಸರಕಾರದ ಸಹಾಯವಾಣಿಗಳಿವೆ.

ಕೊನೆಯದಾಗಿ ಸಂಘಬಂಧುಗಳಲ್ಲಿ ಒಂದು ವಿಜ್ಞಾಪನೆ. 60 ತುಂಬಿದ ಸದಸ್ಯರಿಗೆ ನಾವು ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನಿಸುತ್ತೇವೆ. ಆ ತಟ್ಟೆಯಲ್ಲಿ ಒಂದು ಕಡತವನ್ನೂ ಇಡೋಣ. ಖಾತೆಗಳ ಪಟ್ಟಿ, ನಾಮಿನಿಗಳ ಹೆಸರು, ವಿಲ್ಲಿನ ಮಾದರಿ, ಊರಿನ ಜಾಗದ ಕಾಗದ, ಚಿಕಿತ್ಸೆಯ ಇಚ್ಛಾಪತ್ರ ಇವೆಲ್ಲವನ್ನೂ ತುಂಬಿಡಲು ಅದರಲ್ಲಿ ಹಾಳೆಗಳಿರಲಿ. ಷಷ್ಟ್ಯಬ್ದಿಯ ಶುಭದಿನವೇ ಅದಕ್ಕೆ ಮುಹೂರ್ತವಾದರೆ ಅಪಶಕುನದ ಅಂಜಿಕೆಯೂ ತಪ್ಪುತ್ತದೆ. ನಮ್ಮಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ನಿವೃತ್ತ ಬ್ಯಾಂಕಿನವರಿದ್ದಾರೆ. ತಿಂಗಳಿಗೊಂದು ಆದಿತ್ಯವಾರ ಅವರು ಸಂಘದ ಕಚೇರಿಯಲ್ಲಿ ಕುಳಿತು ಕನ್ನಡದಲ್ಲಿ, ತುಳುವಿನಲ್ಲಿ ಸಲಹೆ ಕೊಟ್ಟರೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇರೊಂದಿಲ್ಲ. 1908ರಲ್ಲಿ ಅಕ್ಷರವಿಲ್ಲದ ಹುಡುಗನಿಗೆ ರಾತ್ರಿಶಾಲೆ ತೆರೆದವರ ವಂಶದವರು ನಾವು. ಆ ಹುಡುಗನೇ ಇಂದು ಮುದುಕನಾಗಿ ಅಕ್ಷರ ಮರೆತು ಕುಳಿತಿದ್ದಾನೆ.

ನಮ್ಮ ಮಾವನವರು 2016ರಲ್ಲಿ ತೀರಿಕೊಂಡರು. ಕಡೆಯ ವರ್ಷ ಅವರಿಗೆ ನನ್ನ ಹೆಸರು ನೆನಪಿರಲಿಲ್ಲ. ಆದರೆ ಸಂಜೆಯಾದರೆ, “ಶಾಲೆಗೆ ಹೊತ್ತಾಯಿತು” ಎಂದು ಎದ್ದು ನಿಲ್ಲುತ್ತಿದ್ದರು. ನಾನು ಅವರ ಕೈಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ನಡೆಸಿ ಮನೆಗೆ ಕರೆತರುತ್ತಿದ್ದೆನು. ಬಾಲ್ಯದಲ್ಲಿ ನನ್ನ ಕೈಹಿಡಿದು ಶಾಲೆಗೆ ಕರೆದೊಯ್ದವರು ಅವರೇ.